ಸತ್ಯಾಣುವ್ರತ ಮತ್ತು ನಮ್ಮ ಸಾಮಾಜಿಕ ಜಾಲತಾಣ

ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು, ದೆಹಲಿಗಳಲ್ಲಿ ನೆಲೆಸಿರುವ ಕನ್ನಡ ಜೈನ ಕುಟುಂಬಗಳಿಗೆ ಊರಿನ ಬಸದಿಯ ಅಂಗಳ ದೂರವಾಗಿದೆ. ಆ ಅಂಗಳದಲ್ಲಿ ನಡೆಯುತ್ತಿದ್ದ ಮಾತುಕತೆಯೆಲ್ಲ ಇಂದು ವಾಟ್ಸಾಪ್ ಗುಂಪುಗಳಿಗೆ ಬಂದು ಸೇರಿದೆ. ಮಗಳ ಸಂಬಂಧದ ವಿಚಾರ, ಅಂಗಡಿಯ ಹೊಸ ಸರಕಿನ ದರ, ಮುನಿಸಂಘದ ಚಾತುರ್ಮಾಸದ ಸಮಾಚಾರ, ಚುನಾವಣೆಯ ವಾಗ್ವಾದ, ಇವೆಲ್ಲವೂ ಒಂದೇ ಪರದೆಯ ಮೇಲೆ ಒಂದರ ಹಿಂದೊಂದು ಸರಿದು ಹೋಗುತ್ತವೆ. ಬೆಳಗಿನ ನೂರು ‘ಜೈ ಜಿನೇಂದ್ರ’ಗಳ ಅಡಿಯಲ್ಲಿ ವಿದ್ಯಾರ್ಥಿವೇತನದ ಕೊನೆಯ ದಿನಾಂಕವೂ ಮುಚ್ಚಿಹೋಗುತ್ತದೆ, ಯಾರದೋ ಮನೆಯ ಮರಣವಾರ್ತೆಯೂ ಮುಚ್ಚಿಹೋಗುತ್ತದೆ.

ಜಾಲತಾಣವನ್ನು ಪರಿಣಾಮಕಾರಿಯಾಗಿ ಬಳಸುವುದು ಹೇಗೆಂದು ಕಲಿಸುವ ಶಿಬಿರಗಳಿಗೆ ಈಗ ಕೊರತೆಯಿಲ್ಲ. ಹೆಚ್ಚು ಜನರನ್ನು ತಲುಪುವ ಉಪಾಯಗಳನ್ನು ಅಲ್ಲಿ ಹೇಳಿಕೊಡುತ್ತಾರೆ. ನಮ್ಮ ಸಮಾಜಕ್ಕೆ ಬೇಕಾದದ್ದು ಅದಕ್ಕಿಂತ ಮೂಲಭೂತವಾದುದು ಎಂಬುದು ನನ್ನ ಅಭಿಪ್ರಾಯ. ಮಾತಿಗೆ ಬೆಲೆ ಬರುವುದು ಅದನ್ನು ನಂಬಬಹುದಾದಾಗ. ನಂಬಿಕೆಯನ್ನು ಉಳಿಸಿಕೊಳ್ಳುವ ವಿಧಾನವನ್ನು ನಮ್ಮ ಶ್ರಾವಕಾಚಾರವು ಬಹು ಹಿಂದೆಯೇ ಹೇಳಿಟ್ಟಿದೆ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಸತ್ಯಾಣುವ್ರತಕ್ಕೆ ಐದು ಅತಿಚಾರಗಳನ್ನು ಗುರುತಿಸುತ್ತದೆ. ಪಾಠಶಾಲೆಯಲ್ಲಿ ಬಾಯಿಪಾಠ ಮಾಡಿದ ಆ ಐದನ್ನು ಮೊಬೈಲಿನ ಪಕ್ಕದಲ್ಲಿಟ್ಟು ನೋಡಿದರೆ ನಮ್ಮ ಇಂದಿನ ವ್ಯವಹಾರದ ಲೋಪಗಳೆಲ್ಲ ಒಂದೊಂದಾಗಿ ಕಾಣಿಸುತ್ತವೆ.

ಅದಕ್ಕೆ ಮೊದಲು ಲೆಕ್ಕಪರಿಶೋಧಕನಾಗಿ ಒಂದು ಮಾತು. ಮನೆಯ ಹಣವೂ ಪೇಢಿಯ ಹಣವೂ ಒಂದೇ ಖಾತೆಯಲ್ಲಿ ಓಡಾಡುತ್ತಿದ್ದರೆ ಆ ವ್ಯಾಪಾರಕ್ಕೆ ಲಾಭವಾಯಿತೋ ನಷ್ಟವಾಯಿತೋ ಹೇಳಲು ಯಾರಿಂದಲೂ ಆಗದು. ಒಡೆಯ ಬೇರೆ, ವ್ಯವಹಾರ ಬೇರೆ ಎಂಬುದು ಲೆಕ್ಕಶಾಸ್ತ್ರದ ಮೊದಲ ಪಾಠ. ಸಂವಹನಕ್ಕೂ ಇದೇ ನಿಯಮ ಸಲ್ಲುತ್ತದೆ. ಕುಟುಂಬ, ವ್ಯಾಪಾರ, ಸಮಾಜ ಎಂಬ ಮೂರು ಖಾತೆಗಳನ್ನು ಬೇರೆ ಬೇರೆಯಾಗಿ ಇಡಬೇಕು. ವ್ಯಾಪಾರಕ್ಕೆ ಪ್ರತ್ಯೇಕ ದೂರವಾಣಿ ಸಂಖ್ಯೆಯನ್ನು ಪಡೆದು, ಅದರಲ್ಲಿ ವಾಟ್ಸಾಪ್ ಬಿಸಿನೆಸ್ ಅಳವಡಿಸಿಕೊಂಡರೆ ಸರಕುಗಳ ಪಟ್ಟಿ, ಅಂಗಡಿಯ ವೇಳೆ, ರಜಾದಿನದ ಸ್ವಯಂಚಾಲಿತ ಉತ್ತರ ಎಲ್ಲವನ್ನೂ ಅಲ್ಲಿಯೇ ಇಡಬಹುದು. ಅಂಗಡಿಯ ಸಂಖ್ಯೆಯ ‘ಸ್ಟೇಟಸ್’ನಲ್ಲಿ ಪಕ್ಷವೊಂದರ ನಾಯಕನನ್ನು ಅಣಕಿಸುವ ಚಿತ್ರ ಹಾಕುವ ವರ್ತಕನು, ತನ್ನ ರಾಜಕೀಯ ಅಭಿಪ್ರಾಯದ ಖರ್ಚನ್ನು ಪೇಢಿಯ ಖಾತೆಗೆ ಬರೆಯುತ್ತಿದ್ದಾನೆ. ಅಭಿಪ್ರಾಯವಿರಲಿ, ಅದನ್ನು ಹೇಳುವ ಧೈರ್ಯವೂ ಇರಲಿ. ಅದು ಅವನ ಸ್ವಂತ ಖಾತೆಯಲ್ಲಿರಲಿ.

ವ್ಯಾಪಾರದ ಸಂದೇಶವು ಹರಟೆಯಲ್ಲ, ದಾಖಲೆ. ವಿದ್ಯುನ್ಮಾನ ಮಾಧ್ಯಮದಲ್ಲಿ ಆಯಿತೆಂಬ ಒಂದೇ ಕಾರಣಕ್ಕೆ ಒಪ್ಪಂದವು ಅಸಿಂಧುವಾಗದು ಎಂದು ಮಾಹಿತಿ ತಂತ್ರಜ್ಞಾನ ಕಾಯಿದೆಯ 10ಎ ಕಲಮು ಹೇಳುತ್ತದೆ. ಇ-ಮೇಲ್‌ಗಳ ವಿನಿಮಯದಿಂದಲೇ ಒಪ್ಪಂದವು ಪೂರ್ಣಗೊಂಡಿತೆಂದು 2010ರಲ್ಲಿ ಸರ್ವೋಚ್ಚ ನ್ಯಾಯಾಲಯವು ಒಂದು ಪ್ರಕರಣದಲ್ಲಿ ತೀರ್ಪಿತ್ತಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನಂತೆ, ನಿಗದಿತ ಪ್ರಮಾಣಪತ್ರದೊಂದಿಗೆ ವಿದ್ಯುನ್ಮಾನ ದಾಖಲೆಯನ್ನು ನ್ಯಾಯಾಲಯದ ಮುಂದಿಡಬಹುದು. ಆದುದರಿಂದ ‘ಆಯ್ತು, ಕಳಿಸಿ’ ಎಂಬ ಎರಡು ಪದಗಳಿಗೂ ತೂಕವಿದೆ. ದರ, ಪ್ರಮಾಣ, ಜಿಎಸ್‌ಟಿ ಸೇರಿದೆಯೋ ಇಲ್ಲವೋ, ಸರಕು ತಲುಪುವ ದಿನ, ಹಣ ಸಲ್ಲಿಸುವ ಗಡುವು, ಈ ಐದನ್ನು ಒಂದೇ ಸಂದೇಶದಲ್ಲಿ ಸ್ಪಷ್ಟವಾಗಿ ಬರೆಯುವ ಅಭ್ಯಾಸವೊಂದೇ ಅರ್ಧದಷ್ಟು ತಕರಾರುಗಳನ್ನು ತಪ್ಪಿಸೀತು. ತಾನಾಗಿ ಅಳಿಸಿಹೋಗುವ ಸಂದೇಶಗಳ ಸೌಲಭ್ಯವನ್ನು ವ್ಯಾಪಾರದ ಸಂಖ್ಯೆಯಲ್ಲಿ ಬಳಸಬಾರದು. ಕಿರ್ದಿಯ ಹಾಳೆಯನ್ನು ತಾನೇ ಹರಿದುಕೊಂಡ ವರ್ತಕನ ಮಾತನ್ನು ಯಾರು ನಂಬುತ್ತಾರೆ?

ಈಗ ಆ ಐದು ಅತಿಚಾರಗಳಿಗೆ ಬರೋಣ.

ಮೊದಲನೆಯದು ಮಿಥ್ಯೋಪದೇಶ, ತಪ್ಪು ದಾರಿಗೆ ಹಚ್ಚುವ ಬೋಧನೆ. ಬಂದ ಸಂದೇಶವನ್ನು ಓದದೆ ಮುಂದಕ್ಕೆ ತಳ್ಳುವವರೆಲ್ಲರೂ ಅರಿವಿಲ್ಲದೆ ಉಪದೇಶಕರಾಗಿದ್ದಾರೆ. ವದಂತಿಗಳಿಂದ ಪ್ರಾಣಹಾನಿಯಾದ ನಂತರ 2018ರಲ್ಲಿ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗೆ ಮಾತ್ರ ರವಾನಿಸುವ ಮಿತಿಯನ್ನು ವಾಟ್ಸಾಪ್ ತಂದಿತು. 2020ರಲ್ಲಿ, ಅನೇಕ ಬಾರಿ ರವಾನೆಯಾದ ಸಂದೇಶಕ್ಕೆ ಒಂದೇ ಕಡೆಯ ಮಿತಿ ಬಂದಿತು. ನಮ್ಮ ಮೇಲೆ ನಾವು ಹಾಕಿಕೊಳ್ಳಬೇಕಿದ್ದ ಮಿತಿಯನ್ನು ಕಂಪನಿಯೊಂದು ಹಾಕಬೇಕಾಯಿತು. ಷೇರುಪೇಟೆಯ ‘ಖಚಿತ ಲಾಭ’ದ ಸಂದೇಶಗಳು ಈ ಜಾತಿಯವೇ. ಸಲಹೆ ನೀಡುವವನು ಸೆಬಿಯಲ್ಲಿ ನೋಂದಾಯಿತನೇ ಎಂದು ಸೆಬಿಯ ಜಾಲತಾಣದಲ್ಲಿಯೇ ನೋಡಬಹುದು. ನೋಡಲು ಎರಡು ನಿಮಿಷ ಸಾಕು. ‘ಡಿಜಿಟಲ್ ಅರೆಸ್ಟ್’ ಎಂಬುದು ನಮ್ಮ ಕಾನೂನಿನಲ್ಲಿ ಇಲ್ಲವೇ ಇಲ್ಲ ಎಂಬುದನ್ನೂ, ವಂಚನೆಯಾದ ಕೂಡಲೇ 1930 ಸಂಖ್ಯೆಗೆ ಕರೆ ಮಾಡಬೇಕೆಂಬುದನ್ನೂ ಮನೆಯ ಹಿರಿಯರಿಗೆ ತಿಳಿಸುವ ಒಂದು ಸಂದೇಶವು ನೂರು ಸುಭಾಷಿತಗಳಿಗಿಂತ ಮೇಲು.

ಎರಡನೆಯದು ರಹೋಭ್ಯಾಖ್ಯಾನ, ಏಕಾಂತದ ವಿಷಯವನ್ನು ಬಯಲಿಗಿಡುವುದು. ನಮ್ಮ ವಧೂವರರ ಗುಂಪುಗಳನ್ನೇ ನೋಡಿ. ಹೆಣ್ಣುಮಕ್ಕಳ ಭಾವಚಿತ್ರ, ಜನ್ಮದಿನಾಂಕ, ಸಂಬಳ, ಮನೆಯ ವಿಳಾಸ, ತಂದೆಯ ಮೊಬೈಲ್ ಸಂಖ್ಯೆ ಇವೆಲ್ಲ ನೂರಾರು ಅಪರಿಚಿತರ ಕೈಗೆ ಹೋಗುತ್ತವೆ. ಮದುವೆಯಾಗಿ ಮಕ್ಕಳಾದ ಮೇಲೂ ಆ ಪತ್ರಗಳು ಗುಂಪಿನಿಂದ ಗುಂಪಿಗೆ ಅಲೆಯುತ್ತಲೇ ಇರುತ್ತವೆ. ಆ ಹುಡುಗಿಯ ಸಮ್ಮತಿಯನ್ನು ಕೇಳಿದವರು ಎಷ್ಟು ಮಂದಿ? 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯ ತಿರುಳೇ ಸಮ್ಮತಿ. ಕಾಯಿದೆ ನಮ್ಮ ಗುಂಪಿಗೆ ಅನ್ವಯಿಸುತ್ತದೆಯೋ ಇಲ್ಲವೋ ಎಂಬ ವಾದ ಬೇಡ, ವ್ರತವಂತೂ ಅನ್ವಯಿಸುತ್ತದೆ. ಮೊದಲ ಪರಿಚಯಕ್ಕೆ ಹೆಸರು, ವಿದ್ಯಾಭ್ಯಾಸ, ಉದ್ಯೋಗ, ಊರು ಸಾಕು. ಉಳಿದದ್ದು ಎರಡು ಮನೆಗಳ ನಡುವಿನ ಮಾತು.

ಮೂರನೆಯದು ಕೂಟಲೇಖಕ್ರಿಯೆ. ಒಬ್ಬರು ಆಡದ ಮಾತನ್ನು, ಮಾಡದ ಕೆಲಸವನ್ನು ಅವರದೆಂದು ಬರೆದು ವಂಚಿಸುವುದು. ತಿದ್ದಿದ ವಿಡಿಯೊಗಳು ಇದರ ಕಣ್ಣಿಗೆ ಕಾಣುವ ರೂಪ. ಕಾಣದ ರೂಪವೂ ಒಂದಿದೆ. ಹೊಸ ಅಂಗಡಿ ತೆರೆದವರು ‘ಸಮಾಜ ಬಾಂಧವರೆಲ್ಲ ಗೂಗಲ್‌ನಲ್ಲಿ ಐದು ನಕ್ಷತ್ರ ಕೊಡಿ’ ಎಂದು ಗುಂಪಿನಲ್ಲಿ ಕೋರುತ್ತಾರೆ. ಅಂಗಡಿಯ ಮೆಟ್ಟಿಲನ್ನೇ ಹತ್ತದವರು ‘ಅತ್ಯುತ್ತಮ ಸೇವೆ’ ಎಂದು ಬರೆಯುತ್ತಾರೆ. ಇದನ್ನು ನಾವು ಸಾಧರ್ಮಿಕ ವಾತ್ಸಲ್ಯವೆಂದು ಭಾವಿಸಿದ್ದೇವೆ. ಇದು ಸುಳ್ಳು ಬರಹ. ಇಂತಹ ಹುಸಿ ವಿಮರ್ಶೆಗಳನ್ನು ತಡೆಯಲೆಂದೇ ಭಾರತೀಯ ಮಾನಕ ಬ್ಯೂರೊ 2022ರಲ್ಲಿ ಐಎಸ್ 19000 ಎಂಬ ಮಾನಕವನ್ನು ಹೊರತಂದಿದೆ. ನಿಜವಾದ ಗ್ರಾಹಕರ ಹತ್ತು ವಿಮರ್ಶೆಗಳು, ಅದರಲ್ಲಿ ಎರಡು ದೂರುಗಳು, ಆ ದೂರುಗಳಿಗೆ ವಿನಯದ ಉತ್ತರ, ಇವು ಅಂಗಡಿಗೆ ತರುವ ಹೆಸರು ಬಹುಕಾಲ ಉಳಿಯುತ್ತದೆ.

ನಾಲ್ಕನೆಯದಾದ ನ್ಯಾಸಾಪಹಾರವೇ ನನ್ನ ದೃಷ್ಟಿಯಲ್ಲಿ ಇಂದು ಅತ್ಯಂತ ಗಂಭೀರವಾದದ್ದು. ಒಬ್ಬನು ಹಣವನ್ನು ನಂಬಿ ಇಟ್ಟಿದ್ದಾನೆ. ಕೇಳಲು ಬಂದಾಗ ಎಣಿಕೆ ಮರೆತು ಕಡಿಮೆ ಕೇಳುತ್ತಾನೆ. ಇಟ್ಟುಕೊಂಡವನು ‘ಹೌದು, ಅಷ್ಟೇ’ ಎನ್ನುತ್ತಾನೆ. ಶಾಸ್ತ್ರಕಾರರು ಇದನ್ನು ಅಚೌರ್ಯದ ಅಡಿಯಲ್ಲಿ ಇಡದೆ ಸತ್ಯವ್ರತದ ಅಡಿಯಲ್ಲಿ ಇಟ್ಟಿರುವುದು ಗಮನಾರ್ಹ. ನಂಬಿಕೊಟ್ಟವನ ಮರೆವನ್ನು ಬಳಸಿಕೊಳ್ಳುವುದು ಅಸತ್ಯ. ನಮ್ಮ ಗುಂಪುಗಳಲ್ಲಿ ಪಂಚಕಲ್ಯಾಣಕ್ಕೆ, ಬಸದಿಯ ಜೀರ್ಣೋದ್ಧಾರಕ್ಕೆ, ರೋಗಿಯೊಬ್ಬರ ಚಿಕಿತ್ಸೆಗೆ ದಾನದ ಕರೆ ಬರುತ್ತದೆ, ಜೊತೆಗೆ ಯಾರದೋ ವೈಯಕ್ತಿಕ ಯುಪಿಐ ಸಂಕೇತ. ಹಣ ಸೇರುತ್ತದೆ. ದಾನಿಗಳ ಹೆಸರಿನ ಪಟ್ಟಿ ಮೂರು ದಿನ ಓಡಾಡುತ್ತದೆ. ಖರ್ಚಿನ ಪಟ್ಟಿ ಬರುವುದೇ ಇಲ್ಲ. ದಾನಿ ಮರೆಯುತ್ತಾನೆ, ಖಜಾಂಚಿ ಸುಮ್ಮನಿರುತ್ತಾನೆ. ಆ ಮೌನವು ‘ಹೌದು, ಅಷ್ಟೇ’ ಎಂಬ ಮಾತಿಗೆ ಸಮಾನ.

ಸಂಗ್ರಹಿಸುವವರ ಪ್ರಾಮಾಣಿಕತೆಯನ್ನು ನಾನು ಶಂಕಿಸುತ್ತಿಲ್ಲ, ಪದ್ಧತಿಯನ್ನು ಆಕ್ಷೇಪಿಸುತ್ತಿದ್ದೇನೆ. ವೈಯಕ್ತಿಕ ಖಾತೆಗೆ ಬಂದ ದಾನದ ಹಣಕ್ಕೆ ಆದಾಯ ತೆರಿಗೆ ಇಲಾಖೆಯು ವಿವರಣೆ ಕೇಳಿದರೆ ಉತ್ತರಿಸಬೇಕಾದವರು ಆ ಸಜ್ಜನರೇ. 80ಜಿ ಎಂದು ನಾವೆಲ್ಲ ಕರೆದು ರೂಢಿಯಾದ ರಿಯಾಯಿತಿಯು ಮಾನ್ಯತೆ ಪಡೆದ ಸಂಸ್ಥೆಗೆ ಕೊಟ್ಟ ದಾನಕ್ಕೆ ಮಾತ್ರ ದೊರೆಯುತ್ತದೆ. ನಗದಾಗಿ 2,000 ರೂಪಾಯಿಗಿಂತ ಹೆಚ್ಚು ಕೊಟ್ಟರೆ ಅದೂ ಇಲ್ಲ. ಖಾತೆಯು ಸಂಸ್ಥೆಯ ಹೆಸರಿನಲ್ಲಿರಲಿ, ಸಂಗ್ರಹ ಮುಗಿದ 30 ದಿನಗಳೊಳಗೆ ಜಮಾ-ಖರ್ಚಿನ ಒಂದು ಪುಟ ಅದೇ ಗುಂಪಿನಲ್ಲಿ ಪ್ರಕಟವಾಗಲಿ. ಕರೆ ಕೊಟ್ಟ ಜಾಗದಲ್ಲಿಯೇ ಲೆಕ್ಕ ಕೊಡುವುದು ನ್ಯಾಯ.

ಐದನೆಯದು ಸಾಕಾರಮಂತ್ರಭೇದ. ಇತರರ ಮುಖಭಾವ, ಇಂಗಿತಗಳಿಂದ ಅವರ ಮನದ ಆಲೋಚನೆಯನ್ನು ಅರಿತು ಅದನ್ನು ಹೊರಗೆಡಹುವುದು. ಬಹುರಾಷ್ಟ್ರೀಯ ಕಂಪನಿಗಳಲ್ಲಿ, ಬ್ಯಾಂಕುಗಳಲ್ಲಿ ಉನ್ನತ ಹುದ್ದೆಯಲ್ಲಿರುವ ನಮ್ಮ ಯುವಕ ಯುವತಿಯರಿಗೆ ಇದು ನೇರವಾಗಿ ಸಂಬಂಧಿಸಿದ್ದು. 2017ರಲ್ಲಿ ಕೆಲವು ಕಂಪನಿಗಳ ತ್ರೈಮಾಸಿಕ ಫಲಿತಾಂಶಗಳು ಪ್ರಕಟಣೆಗೆ ಮೊದಲೇ ವಾಟ್ಸಾಪ್ ಗುಂಪುಗಳಲ್ಲಿ ಹರಿದಾಡಿದಾಗ ಸೆಬಿ ತನಿಖೆ ನಡೆಸಿತು. ಸಂದೇಶವನ್ನು ರವಾನಿಸಿದ್ದ ಕೆಲವರು ವರ್ಷಗಟ್ಟಲೆ ಪ್ರಕರಣವನ್ನು ಎದುರಿಸಿ 2022ರಲ್ಲಿ ಸರ್ವೋಚ್ಚ ನ್ಯಾಯಾಲಯದಲ್ಲಿ ಪಾರಾದರು. ಕೊನೆಗೆ ಪಾರಾದರೂ ಕಳೆದ ವರ್ಷಗಳು ಮರಳಿ ಬರುವುದಿಲ್ಲ.

ವ್ಯಕ್ತಿಯ ಮಾತಿಗೆ ಸಲ್ಲುವುದು ಸಮಾಜದ ಮಾತಿಗೂ ಸಲ್ಲುತ್ತದೆ. ಸಮ್ಮೇದ ಶಿಖರ್ಜಿಯ ಪ್ರಕರಣವನ್ನು ನೆನೆಯೋಣ. ಪಾರಸನಾಥ ಬೆಟ್ಟದ ಅಭಯಾರಣ್ಯದ ಸುತ್ತ ಪರಿಸರ ಸೂಕ್ಷ್ಮ ವಲಯವನ್ನು ಘೋಷಿಸಿ, ಪ್ರವಾಸೋದ್ಯಮಕ್ಕೂ ಅವಕಾಶ ಕಲ್ಪಿಸಿದ ಕೇಂದ್ರದ ಅಧಿಸೂಚನೆ ಹೊರಬಿದ್ದದ್ದು 2019ರ ಆಗಸ್ಟ್ 2ರಂದು. ಇಂತಹ ಅಧಿಸೂಚನೆಯ ಕರಡಿಗೆ ಆಕ್ಷೇಪಣೆ ಸಲ್ಲಿಸಲು ಸಾರ್ವಜನಿಕರಿಗೆ 60 ದಿನಗಳ ಕಾಲಾವಕಾಶವಿರುತ್ತದೆ. ನಮ್ಮ ಗುಂಪುಗಳು ಹೊತ್ತಿ ಉರಿದದ್ದು 2022ರ ಡಿಸೆಂಬರಿನಲ್ಲಿ. ಬೀದಿಗಿಳಿದ ಸಮಾಜದ ಒಗ್ಗಟ್ಟಿಗೆ ಮಣಿದು 2023ರ ಜನವರಿ 5ರಂದು ಕೇಂದ್ರವು ಪ್ರವಾಸೋದ್ಯಮ ಚಟುವಟಿಕೆಗಳಿಗೆ ತಡೆ ನೀಡಿತು. ಆ ಗೆಲುವಿನ ಹೆಮ್ಮೆ ನನಗೂ ಇದೆ. ಆದರೆ ನಡುವಿನ ಮೂರು ವರ್ಷ ನಮ್ಮ ಸಾವಿರಾರು ಗುಂಪುಗಳಲ್ಲಿ ಏನು ನಡೆಯುತ್ತಿತ್ತು? ರಾಜಪತ್ರವನ್ನು ಓದಿ ತಿಳಿಸುವವರಿರಲಿಲ್ಲ. ಇದ್ದಿದ್ದರೂ ಶುಭೋದಯಗಳ ರಾಶಿಯಲ್ಲಿ ಅವರ ದನಿ ಕೇಳುತ್ತಿರಲಿಲ್ಲ.

2025ರ ಜುಲೈ ಕೊನೆಯಲ್ಲಿ ಕೊಲ್ಹಾಪುರ ಜಿಲ್ಲೆಯ ನಾಂದಣಿ ಮಠದ ಮಹಾದೇವಿ ಆನೆಯನ್ನು ಜಾಮನಗರದ ವನತಾರಾಕ್ಕೆ ಒಯ್ದಾಗಲೂ ಜಾಲತಾಣಗಳು ತುಂಬಿ ಹರಿದವು. ಸಹಿ ಸಂಗ್ರಹ, ಪಾದಯಾತ್ರೆ, ಮೊಬೈಲ್ ಕಂಪನಿಯ ಬಹಿಷ್ಕಾರ ಎಲ್ಲವೂ ನಡೆದವು. ಭಕ್ತರ ನೋವು ನಿಜವಾದುದು. ಆದರೆ ಆನೆಯ ಆರೋಗ್ಯದ ಬಗ್ಗೆ ಉಚ್ಚ ನ್ಯಾಯಾಲಯದ ಆದೇಶದಲ್ಲಿ ಏನಿತ್ತೆಂದು ಓದಿ ಚರ್ಚಿಸಿದ ಗುಂಪುಗಳೆಷ್ಟು? ಅಹಿಂಸೆಯನ್ನು ಪರಮಧರ್ಮವೆನ್ನುವ ಸಮಾಜವು ಆ ಪುಟಗಳನ್ನು ಮೊದಲು ಓದಬೇಕಿತ್ತು. ಆಮೇಲೆ ಒಪ್ಪಬಹುದಿತ್ತು, ವಿರೋಧಿಸಲೂಬಹುದಿತ್ತು. ಓದಿದ ವಿರೋಧಕ್ಕೆ ಸರ್ಕಾರವೂ ನ್ಯಾಯಾಲಯವೂ ಕೊಡುವ ಮನ್ನಣೆಯೇ ಬೇರೆ.

2011ರ ಜನಗಣತಿಯಂತೆ ದೇಶದಲ್ಲಿ ಜೈನರ ಸಂಖ್ಯೆ ಸುಮಾರು 44.5 ಲಕ್ಷ. 2014ರಿಂದ ನಾವು ರಾಷ್ಟ್ರಮಟ್ಟದ ಅಧಿಸೂಚಿತ ಅಲ್ಪಸಂಖ್ಯಾತರು. ಇಷ್ಟು ಸಣ್ಣ ಸಮಾಜಕ್ಕೆ ಗದ್ದಲದಿಂದ ಬಲ ಬರುವುದಿಲ್ಲ, ನಿಖರತೆಯಿಂದ ಬರುತ್ತದೆ. 2027ರ ಜನಗಣತಿಯಲ್ಲಿ ಧರ್ಮದ ಅಂಕಣದಲ್ಲಿ ‘ಜೈನ’ ಎಂದೂ ಮಾತೃಭಾಷೆಯ ಅಂಕಣದಲ್ಲಿ ‘ಕನ್ನಡ’ ಎಂದೂ ಬರೆಸಬೇಕೆಂಬ ಒಂದು ಸಾಲು ಹೊರನಾಡಿನ ಪ್ರತಿಯೊಂದು ಮನೆಗೂ ತಲುಪಿದರೆ, ಅದು ಈ ದಶಕದ ಅತ್ಯಂತ ಪರಿಣಾಮಕಾರಿ ಸಂದೇಶವಾದೀತು.

ಗುಂಪಿನ ನಿರ್ವಾಹಕರಿಗೂ ಒಂದು ಮಾತು. ಲೆಕ್ಕ ಕೇಳಿದವರನ್ನು, ಪದಾಧಿಕಾರಿಗಳನ್ನು ಪ್ರಶ್ನಿಸಿದ ತರುಣರನ್ನು, ಭಿನ್ನವಾಗಿ ಮಾತನಾಡಿದ ಮಹಿಳೆಯರನ್ನು ‘ಕಾನೂನಿನ ತೊಂದರೆ ಬೇಡ’ ಎಂಬ ನೆಪದಲ್ಲಿ ಹೊರಹಾಕುವುದನ್ನು ಕಾಣುತ್ತೇವೆ. ಸಮಾನ ಉದ್ದೇಶವಿಲ್ಲದಿದ್ದರೆ ಸದಸ್ಯನೊಬ್ಬನ ಸಂದೇಶಕ್ಕೆ ನಿರ್ವಾಹಕನು ಹೊಣೆಯಲ್ಲವೆಂದು ಬಾಂಬೆ ಉಚ್ಚ ನ್ಯಾಯಾಲಯದ ನಾಗಪುರ ಪೀಠವು 2021ರಲ್ಲಿಯೇ ಹೇಳಿದೆ. ಆದ್ದರಿಂದ ಆ ಭಯ ಬೇಡ. ಅನೇಕಾಂತವನ್ನು ವೇದಿಕೆಯ ಮೇಲೆ ಕೊಂಡಾಡಿ ಗುಂಪಿನಲ್ಲಿ ಏಕಾಂತವಾದಿಗಳಾಗುವುದು ನಮಗೆ ಶೋಭಿಸದು. ಸೂಚನೆಗಳಿಗೆ ನಿರ್ವಾಹಕರು ಮಾತ್ರ ಬರೆಯುವ ಒಂದು ಗುಂಪು, ಚರ್ಚೆಗೆ ಎಲ್ಲರಿಗೂ ತೆರೆದ ಇನ್ನೊಂದು ಗುಂಪು, ಇಷ್ಟು ವ್ಯವಸ್ಥೆ ಸಾಕು.

ಕೊನೆಯದಾಗಿ ಮನೆಯ ಖಾತೆ. ದಶಲಕ್ಷಣ ಪರ್ವದ ನಂತರ ಕ್ಷಮಾವಾಣಿಯ ದಿನ ನಮ್ಮಲ್ಲಿ ಅನೇಕರು ಒಂದೇ ಚಿತ್ರವನ್ನು ಐನೂರು ಜನರಿಗೆ ಕಳುಹಿಸುತ್ತೇವೆ. ಆ ಐನೂರರಲ್ಲಿ ನಾನೂರ ತೊಂಬತ್ತೊಂಬತ್ತು ಮಂದಿಯೊಡನೆ ನಮಗೆ ಜಗಳವೇ ಇರುವುದಿಲ್ಲ. ಆಸ್ತಿಯ ಪಾಲಿನ ವಿಷಯಕ್ಕೆ ಹತ್ತು ವರ್ಷದಿಂದ ಮಾತು ಬಿಟ್ಟಿರುವ ಅಣ್ಣನಿಗೂ ಅದೇ ಚಿತ್ರ ಹೋಗಿರುತ್ತದೆ, ಅವರೂ ಅದೇ ಚಿತ್ರವನ್ನು ಮರಳಿ ಕಳುಹಿಸಿರುತ್ತಾರೆ. ಎರಡೂ ಕಡೆ ಕ್ಷಮೆ ಜಮೆಯಾಗುವುದಿಲ್ಲ. ಬರುವ ಕ್ಷಮಾವಾಣಿಗೆ ಆ ಚಿತ್ರವನ್ನು ಯಾರಿಗೂ ಕಳುಹಿಸದೆ, ಆ ಒಬ್ಬರಿಗೆ ಮಾತ್ರ ಕರೆ ಮಾಡಿ ನೋಡಿ.