ಸಮುದ್ರಕ್ಕೆ ‘ಸುಮ್ನೆ’ ಹರಿದು ಹೋಗೋ ನೀರು!

“ಶರಾವತಿ ನೀರು ಸುಮ್ನೆ ಸಮುದ್ರಕ್ಕೆ ಹೋಗಿ ವೇಸ್ಟ್ ಆಗ್ತಿದೆ, ಬೆಂಗಳೂರಿಗೆ ತಂದ್ರೆ ಏನ್ರೀ ತಪ್ಪು?” ಈ ಮಾತನ್ನ ಆಫೀಸಿನ ಕ್ಯಾಂಟೀನಿನಲ್ಲಿ, ಮದುವೆ ಮನೆಯ ಊಟದ ಪಂಕ್ತಿಯಲ್ಲಿ, ಅದೂ ಚೆನ್ನಾಗಿ ಓದಿಕೊಂಡವರ ಬಾಯಲ್ಲಿ ಕೇಳಿ ಕೇಳಿ ಸಾಕಾಗಿದೆ. ನಾನು ಸಾಗರದ ಕಡೆಯವನು, ಹೊಟ್ಟೆಪಾಡಿಗೆ ಬೆಂಗಳೂರಲ್ಲಿ ಕೋಡ್ ಬರೆಯುವವನು. ಎರಡೂ ಕಡೆಯ ನೀರು ಕುಡಿದಿದ್ದೇನೆ. ಹಾಗಾಗಿ ಇವತ್ತು ಸ್ವಲ್ಪ ಜಗಳ ಆಡ್ತೀನಿ, ಬೇಜಾರು ಮಾಡ್ಕೋಬೇಡಿ :)

ಮೊದಲು ಈ ‘ವೇಸ್ಟ್’ ಅನ್ನೋದನ್ನೇ ನೋಡೋಣ. ಲಿಂಗನಮಕ್ಕಿಯ ನೀರು ತಳಕಳಲೆಗೆ ಹೋಗಿ, ಅಲ್ಲಿಂದ ನಾನೂರು ಮೀಟರಿಗೂ ಹೆಚ್ಚು ಕೆಳಗೆ ಧುಮುಕಿ, 1035 ಮೆಗಾವ್ಯಾಟಿನ ಶರಾವತಿ ವಿದ್ಯುದಾಗಾರದ ಟರ್ಬೈನು ತಿರುಗಿಸುತ್ತೆ. ಮುಂದೆ ಗೇರುಸೊಪ್ಪದಲ್ಲಿ ಮತ್ತೊಂದು ಸಲ ಕರೆಂಟು. ಆಮೇಲೆ ಹೊನ್ನಾವರದ ಅಳಿವೆ. ಅಲ್ಲಿ ಹೊಳೆಯ ಸಿಹಿನೀರು ಕಮ್ಮಿಯಾದಷ್ಟೂ ಸಮುದ್ರದ ಉಪ್ಪುನೀರು ಒಳಗೊಳಗೆ ಏರಿ ಬರುತ್ತೆ. ಮೀನು ಹಿಡಿಯುವವರಿಗೂ ದಡದ ತೋಟದ ಬಾವಿಗಳಿಗೂ ಅದರ ಬಿಸಿ ತಟ್ಟುತ್ತೆ. ಇದರಲ್ಲಿ ‘ಸುಮ್ನೆ’ ಎಲ್ಲಿದೆ?

ಇನ್ನು ಲೆಕ್ಕ. ಎಂಜಿನಿಯರಿಂಗ್ ಓದಿದ ತಪ್ಪಿಗೆ ಇಷ್ಟಾದರೂ ಮಾಡಬೇಕಲ್ಲ. ಲಿಂಗನಮಕ್ಕಿಯ ತುಂಬಿದ ಮಟ್ಟ 1819 ಅಡಿ. ಬೆಂಗಳೂರು ಇರುವುದು ಸುಮಾರು 3000 ಅಡಿ ಎತ್ತರದಲ್ಲಿ. ಸಾವಿರ ಲೀಟರ್ ನೀರನ್ನ ಅಷ್ಟು ಮೇಲೆ ಹತ್ತಿಸೋಕೆ ಹತ್ತಿರ ಹತ್ತಿರ ಒಂದು ಯುನಿಟ್ ಕರೆಂಟು ಬೇಕು. ಅದೂ ಪಂಪು ನೂರಕ್ಕೆ ನೂರು ಕೆಲಸ ಮಾಡಿದರೆ, ಮುನ್ನೂರು ಕಿಲೋಮೀಟರಿಗೂ ಉದ್ದದ ಪೈಪಿನಲ್ಲಿ ಏನೂ ನಷ್ಟ ಆಗದಿದ್ದರೆ! ವರ್ಷಕ್ಕೆ 10 ಟಿಎಂಸಿ ಅಂತ ಇಟ್ಟುಕೊಳ್ಳಿ, ಬರೀ ಎತ್ತೋಕೇ 28 ಕೋಟಿ ಯುನಿಟ್. ಅದೇ ನೀರು ಕೆಳಗೆ ಬಿದ್ದಿದ್ದರೆ ಸುಮಾರು ಅಷ್ಟೇ ಕರೆಂಟನ್ನ ನಮಗೇ ಕೊಡ್ತಿತ್ತು. ಅಂದ್ರೆ ಬರೋದೂ ಹೋಯ್ತು, ಕೈಯಿಂದ ಮತ್ತಷ್ಟು ಹೋಯ್ತು. ಇದಕ್ಕೆ ಅಭಿವೃದ್ಧಿ ಅಂತ ಹೆಸರು.

2019ರಲ್ಲಿ ಸರ್ಕಾರ ಈ ಯೋಜನೆಯ ಮಾತು ತೆಗೆದಾಗ ಜುಲೈನಲ್ಲಿ ಶಿವಮೊಗ್ಗ ಜಿಲ್ಲೆ ಬಂದ್ ಆಯ್ತು. “ನೀರು ಕೊಡೋಕೆ ಮಲೆನಾಡಿನವರಿಗೆ ಯಾಕಿಷ್ಟು ಹೊಟ್ಟೆಕಿಚ್ಚು” ಅಂದವರಿದ್ದರು. ಸ್ವಾಮಿ, 1964ರಲ್ಲಿ ಲಿಂಗನಮಕ್ಕಿ ಮುಗಿದಾಗ ಊರಿಗೆ ಊರೇ ಮುಳುಗಿದ್ದು ನಾಡಿಗೆಲ್ಲ ದೀಪ ಹತ್ತಲಿ ಅಂತ. ಆಗ ಎದ್ದು ಬಂದ ಕುಟುಂಬಗಳಲ್ಲಿ ಎಷ್ಟೋ ಮನೆಯವರು ಜಮೀನಿನ ಹಕ್ಕುಪತ್ರಕ್ಕಾಗಿ ತಲೆಮಾರುಗಟ್ಟಲೆ ಓಡಾಡಿದ್ದಾರೆ. ಹಿನ್ನೀರಿನಾಚೆ ಉಳಿದ ತುಮರಿ ಕಡೆಯವರಿಗೆ ಸೇತುವೆ ಸಿಕ್ಕಿದ್ದು 2025ರ ಜುಲೈನಲ್ಲಿ. ಅಲ್ಲಿಯವರೆಗೆ ಬಸುರಿ ಬಾಣಂತಿಯರಿಗೂ ಲಾಂಚೇ ಗತಿ. ಇವರಿಗೆ ಹೋಗಿ ತ್ಯಾಗದ ಪಾಠ ಹೇಳುವ ಧೈರ್ಯ ನನಗಂತೂ ಇಲ್ಲ.

ಬೆಂಗಳೂರಿಗೆ ನದಿ ಇರಲಿಲ್ಲ ಅಂತೀರಾ? ಇತ್ತಲ್ಲ, ಅರ್ಕಾವತಿ! 1894ರಲ್ಲಿ ಹೆಸರಘಟ್ಟ, 1933ರಲ್ಲಿ ತಿಪ್ಪಗೊಂಡನಹಳ್ಳಿ. ಜಲಾನಯನದ ತುಂಬ ಲೇಔಟು, ಬೋರ್‌ವೆಲ್ಲು, ಕಾರ್ಖಾನೆ ಮಾಡಿ, ಉಳಿದಿದ್ದಕ್ಕೆ ಕೊಳಚೆ ಬಿಟ್ಟು ಅದನ್ನ ಮುಗಿಸಿದೆವು. 1974ರಲ್ಲಿ ಕಾವೇರಿ ಬಂತು. 2024ರ ಅಕ್ಟೋಬರಿನಲ್ಲಿ ಐದನೇ ಹಂತವೂ ಬಂತು, ದಿನಕ್ಕೆ 77.5 ಕೋಟಿ ಲೀಟರ್ ಹೆಚ್ಚುವರಿ. ಅದೂ ಸಾಲದಂತೆ. ಹತ್ತಿರದ್ದು ಮುಗಿಸು, ದೂರದ್ದಕ್ಕೆ ಕೈ ಹಾಕು. ಪ್ರೋಗ್ರಾಮಿನಲ್ಲಿ ಮೆಮರಿ ಸೋರ್ತಾ ಇದ್ದರೆ ಕೋಡು ನೋಡೋದು ಬಿಟ್ಟು ಇನ್ನೊಂದು ಸರ್ವರು ಕೊಡಿ ಅನ್ನುವವನನ್ನ ಯಾವ ಮ್ಯಾನೇಜರು ಸುಮ್ಮನೆ ಬಿಡ್ತಾನೆ ಹೇಳಿ.

ನಮ್ಮ ಸೋರಿಕೆಯೋ! ಜಲಮಂಡಳಿ ಹರಿಸುವ ನೀರಿನಲ್ಲಿ ಕಾಲು ಭಾಗದಷ್ಟಕ್ಕೆ ಲೆಕ್ಕವೇ ಸಿಗೋದಿಲ್ಲ. ಹೇಗೋ ಮನೆ ತಲುಪಿದ್ದನ್ನ ಆರ್‌ಓ ಮೆಷಿನ್ನಿಗೆ ಹಾಕಿ, ಒಂದು ಲೀಟರ್ ಕುಡಿಯೋಕೆ ಎರಡು ಮೂರು ಲೀಟರ್ ಸಿಂಕಿಗೆ ಬಿಡ್ತೀವಿ. ಕಾವೇರಿ ನೀರಿನಲ್ಲಿ ಇರೋದೇ ಕಮ್ಮಿ ಲವಣ, ಅದಕ್ಕೆ ಆರ್‌ಓ ಬೇಕೇ ಇಲ್ಲ. ಟಿಡಿಎಸ್ 500ಕ್ಕಿಂತ ಕಮ್ಮಿ ಇರುವ ಕಡೆ ಇದನ್ನ ನಿಷೇಧಿಸಿ ಅಂತ ಹಸಿರು ನ್ಯಾಯಮಂಡಳಿ 2019ರಲ್ಲೇ ಹೇಳಿತ್ತು. ಯಾರು ಕೇಳ್ತಾರೆ? ಮಳೆಯೂ ಅಷ್ಟೇ. ವರ್ಷಕ್ಕೆ ಸುಮಾರು 970 ಮಿಲಿಮೀಟರ್ ಬೀಳುತ್ತೆ, 30/40 ಸೈಟಿನಷ್ಟು ಅಗಲದ ತಾರಸಿಯ ಮೇಲೆ ಒಂದು ಲಕ್ಷ ಲೀಟರ್. ಮಳೆಕೊಯ್ಲು ಕಾನೂನು 2009ರಿಂದಲೇ ಇದೆ. ಎಷ್ಟೋ ಮನೆಗಳಲ್ಲಿ ಅದು ತೋರಿಕೆಗೆ ನಿಲ್ಲಿಸಿದ ಒಂದು ಪೈಪು, ಅಷ್ಟೆ.

“ಹಾಗಾದ್ರೆ ಬಡವರು ನೀರು ಕುಡಿಯೋದು ಬೇಡವಾ?” ಅಂತ ಒಬ್ಬರಾದರೂ ಕೇಳೇ ಕೇಳ್ತೀರಿ. ಬೇಕು. 2007ರಲ್ಲಿ ನಗರಕ್ಕೆ ಸೇರಿಸಿಕೊಂಡ 110 ಹಳ್ಳಿಗಳ ಜನ ಕಾವೇರಿಗಾಗಿ ಹದಿನೈದು ವರ್ಷಕ್ಕೂ ಹೆಚ್ಚು ಕಾದರು. ಆದರೆ 2024ರ ಬೇಸಿಗೆಯಲ್ಲಿ ಬಿಂದಿಗೆ ಹಿಡಿದು ಸಾಲಿನಲ್ಲಿ ನಿಂತವರೂ, ಕುಡಿಯುವ ನೀರಲ್ಲಿ ಕಾರು ತೊಳೆದು ಐದು ಸಾವಿರ ದಂಡ ಕಟ್ಟಿದವರೂ ಒಂದೇ ಜನ ಅಲ್ಲ. ಶರಾವತಿಯನ್ನೇ ತಂದರೂ ಆ ಬಿಂದಿಗೆಗಿಂತ ಮೊದಲು ತುಂಬೋದು ನಮ್ಮ ಸಂಪುಗಳೇ.

ನಮ್ಮ ಅಪಾರ್ಟ್‌ಮೆಂಟಿನಲ್ಲಿ ನೀರಿನ ಬಿಲ್ಲನ್ನ ಚದರಡಿ ಲೆಕ್ಕದಲ್ಲಿ ಹಂಚ್ತಾರೆ. ಎರಡು ಬಕೆಟ್ ಬಳಸಿದರೂ ಅಷ್ಟೇ, ದಿನಾ ಬಾತ್‌ಟಬ್ ತುಂಬಿಸಿದರೂ ಅಷ್ಟೇ. ಮನೆಮನೆಗೂ ಮೀಟರ್ ಹಾಕೋಣ ಅಂತ ಕಳೆದ ಮೀಟಿಂಗಿನಲ್ಲಿ ಕೇಳಿದ್ದೆ. 48 ಮನೆಗಳಲ್ಲಿ ಕೈ ಎತ್ತಿದ್ದು 11. ಮುಂದಿನ ಭಾನುವಾರ ಮತ್ತೆ ಮೀಟಿಂಗ್ ಇದೆ, ಮತ್ತೆ ಕೇಳ್ತೀನಿ. ನಿಮ್ಮ ಕಡೆ ಯಾರಾದರೂ ಹಾಕಿಸಿದ್ದರೆ ಎಷ್ಟು ಖರ್ಚಾಯ್ತು, ಬಿಲ್ಲು ಎಷ್ಟು ಇಳೀತು ಅಂತ ತಿಳಿಸಿ, ಪ್ರಿಂಟ್ ತೆಗೆದುಕೊಂಡು ಹೋಗ್ತೀನಿ.