ಕುರ್ಚಿಯ ಮುಲಾಜು

2015ರ ಜೂನ್‌ನಲ್ಲಿ ಕೇಂದ್ರದ ಮಾಹಿತಿ ಮತ್ತು ಪ್ರಸಾರ ಸಚಿವಾಲಯವು ಪುಣೆಯ ಭಾರತೀಯ ಚಲನಚಿತ್ರ ಮತ್ತು ಟೆಲಿವಿಷನ್ ಸಂಸ್ಥೆಗೆ ಹೊಸ ಅಧ್ಯಕ್ಷರನ್ನು ನೇಮಿಸಿತು. ಬಿ.ಆರ್. ಚೋಪ್ರಾ ಅವರ ‘ಮಹಾಭಾರತ’ ಧಾರಾವಾಹಿಯಲ್ಲಿ ಯುಧಿಷ್ಠಿರನಾಗಿದ್ದ, ಬಿಜೆಪಿಯ ಸದಸ್ಯರೂ ಆಗಿದ್ದ ಗಜೇಂದ್ರ ಚೌಹಾಣ್ ಅವರ ಹೆಸರು ಕೇಳಿದ ಕೂಡಲೇ ವಿದ್ಯಾರ್ಥಿಗಳು ತರಗತಿ ಬಿಟ್ಟು ಹೊರಬಂದರು. ಜೂನ್ 12ರಂದು ಶುರುವಾದ ಮುಷ್ಕರ 139 ದಿನ ನಡೆಯಿತು. ತಕರಾರು ಅಧ್ಯಕ್ಷರೊಬ್ಬರ ಬಗ್ಗೆ ಮಾತ್ರ ಇರಲಿಲ್ಲ. ಸಂಸ್ಥೆಯ ಸೊಸೈಟಿಗೆ ‘ಗಣ್ಯ ವ್ಯಕ್ತಿಗಳು’ ಎಂಬ ವರ್ಗದಡಿ ಬಂದವರಲ್ಲಿ ಒಬ್ಬರು ಮಹಾರಾಷ್ಟ್ರದ ಎಬಿವಿಪಿಯ ಅಧ್ಯಕ್ಷರಾಗಿದ್ದವರು, ಇನ್ನೊಬ್ಬರು ನರೇಂದ್ರ ಮೋದಿಯವರ ಬಗ್ಗೆ ಸಾಕ್ಷ್ಯಚಿತ್ರ ಮಾಡಿದವರು. ಅದೇ ಪಟ್ಟಿಯಲ್ಲಿದ್ದ ಜಾನು ಬರುವಾ, ಸಂತೋಷ್ ಶಿವನ್, ಪಲ್ಲವಿ ಜೋಶಿ ತಮಗೆ ಈ ಸದಸ್ಯತ್ವ ಬೇಡವೆಂದು ಹೊರಗುಳಿದರು. ಕಲಾಸಂಸ್ಥೆಯೊಂದರ ಮಂಡಳಿಯಲ್ಲಿ ಕೂರುವವರು ಯಾರು, ಅವರು ಜೀವನದಲ್ಲಿ ಏನು ಮಾಡಿಕೊಂಡು ಬಂದವರು ಎಂಬ ಪ್ರಶ್ನೆ ಈ ದೇಶದಲ್ಲಿ ಅಷ್ಟು ಜೋರಾಗಿ, ಅಷ್ಟು ದಿನ ಕೇಳಿಬಂದದ್ದು ಅಪರೂಪ. ಮುಷ್ಕರವೇನೋ ಮುಗಿಯಿತು. ಪ್ರಶ್ನೆಗೆ ಉತ್ತರ ಮಾತ್ರ ಸಿಗಲಿಲ್ಲ. ಅದಕ್ಕೆ ಕಾರಣ, ಆಗ ಎರಡೂ ಕಡೆಯವರು ತಪ್ಪು ಅಳತೆಗೋಲು ಹಿಡಿದು ನಿಂತಿದ್ದರು ಎಂಬುದು ನನ್ನ ವಾದ.

ಸರ್ಕಾರದ ಪರ ನಿಂತವರು ಹೇಳಿದ್ದು ಇಷ್ಟು: ಚೌಹಾಣ್ ನಟರು, ದಶಕಗಳಿಂದ ಅದೇ ಕ್ಷೇತ್ರದಲ್ಲಿ ದುಡಿದವರು, ಇನ್ನೇನು ಅರ್ಹತೆ ಬೇಕು? ವಿರೋಧಿಸಿದವರಲ್ಲಿ ಹಲವರು ಅವರು ನಟಿಸಿದ ಅಗ್ಗದ ಚಿತ್ರಗಳ ಪಟ್ಟಿ ಹಿಡಿದು ನಕ್ಕರು. ಆ ನಗು ನನಗೆ ಆಗಲೂ ಸರಿಯೆನಿಸಲಿಲ್ಲ, ಈಗಲೂ ಇಲ್ಲ. ಧಾರಾವಾಹಿಯಲ್ಲಿ ದುಡಿಯುವ ನಟ ಹೊಟ್ಟೆಪಾಡಿಗೆ ಒಪ್ಪಿಕೊಂಡ ಪಾತ್ರಗಳನ್ನು ಮುಂದಿಟ್ಟು ಹಂಗಿಸುವುದು ಕಲೆಯ ಪರವಾದ ಮಾತಲ್ಲ. ಆದರೆ ‘ಕ್ಷೇತ್ರದವರು’ ಎಂಬ ಸಮರ್ಥನೆಯೂ ಟೊಳ್ಳು. ಮಂಡಳಿಯ ಸದಸ್ಯರ ವೃತ್ತಿಯನ್ನು ನಾವು ನೋಡಬೇಕಾದದ್ದು ಅವರು ಯಾವ ಕ್ಷೇತ್ರದವರು ಎಂದು ತಿಳಿಯಲಿಕ್ಕಲ್ಲ, ಅವರು ಯಾರ ಮುಲಾಜಿಗೆ ಸಿಕ್ಕವರು ಎಂದು ತಿಳಿಯಲಿಕ್ಕೆ. ಕುರ್ಚಿ ಬರುವ ಮುಂಚೆಯೇ ಇವರಿಗೊಂದು ಸ್ವಂತ ಹೆಸರಿತ್ತೇ? ನಾಳೆ ಕುರ್ಚಿ ಹೋದರೆ ಆ ಹೆಸರು ಹಾಗೇ ಉಳಿಯುತ್ತದೆಯೇ? ಸಂಸ್ಥೆ ಕೆಟ್ಟರೆ ಇವರ ಹೆಸರೂ ಕೆಡುತ್ತದೆಯೇ? ವೃತ್ತಿಯ ವಿವರದಲ್ಲಿ ಹುಡುಕಬೇಕಾದದ್ದು ಈ ಮೂರಕ್ಕೆ ಉತ್ತರ.

ಇದು ಯಾಕೆ ಮುಖ್ಯವೆಂದು ಅರಿಯಲು ಆ ಸಂಸ್ಥೆ ನಡೆಯುವ ರೀತಿ ನೋಡಬೇಕು. 1960ರಲ್ಲಿ ಹಳೆಯ ಪ್ರಭಾತ್ ಸ್ಟುಡಿಯೋದ ಆವರಣದಲ್ಲಿ ಆರಂಭವಾದ ಈ ಶಾಲೆ 1974ರಲ್ಲಿ ಸೊಸೈಟಿಯಾಗಿ ನೋಂದಣಿಯಾಯಿತು. ಕಾಗದದ ಮೇಲೆ ಸ್ವಾಯತ್ತ. ದುಡ್ಡು, ನೇಮಕ ಎಲ್ಲವೂ ಸಚಿವಾಲಯದ್ದು. ಅಧ್ಯಕ್ಷರು ಪಾಠ ಮಾಡುವುದಿಲ್ಲ, ಕ್ಯಾಮೆರಾ ಹಿಡಿಯುವುದಿಲ್ಲ. ಅವರ ನಿಜವಾದ ಕೆಲಸ ಸಚಿವಾಲಯಕ್ಕೂ ತರಗತಿಗೂ ನಡುವೆ ನಿಲ್ಲುವುದು. 2015ರಲ್ಲಿ ಒಬ್ಬರ ನಂತರ ಒಬ್ಬರಂತೆ ನಿರ್ದೇಶಕರ ಹುದ್ದೆಯಲ್ಲಿದ್ದ ಇಬ್ಬರೂ ಭಾರತೀಯ ಮಾಹಿತಿ ಸೇವೆಯ ಅಧಿಕಾರಿಗಳು. ಎಂದರೆ ಸಚಿವಾಲಯ ಕೊಟ್ಟ ಆದೇಶವನ್ನು ಜಾರಿ ಮಾಡುವುದು ಅವರ ನೌಕರಿಯ ಧರ್ಮ. ಹಾಗಿರುವಾಗ ಇದು ಇಲ್ಲಿ ನಡೆಯುವುದಿಲ್ಲ ಎಂದು ದೆಹಲಿಗೆ ಹೇಳಬಲ್ಲವರು ಆಡಳಿತ ಮಂಡಳಿಯವರು ಮಾತ್ರ. ಆ ಆಗಸ್ಟ್‌ನಲ್ಲಿ ನಡೆದದ್ದನ್ನು ನೆನೆಯಿರಿ. 2008ನೇ ಸಾಲಿನ ವಿದ್ಯಾರ್ಥಿಗಳ ಅಪೂರ್ಣ ಚಿತ್ರಗಳನ್ನೇ ಮೌಲ್ಯಮಾಪನ ಮಾಡಲು ನಿರ್ದೇಶಕರು ಹೊರಟರು, ವಿದ್ಯಾರ್ಥಿಗಳು ಅವರಿಗೆ ಘೇರಾವ್ ಹಾಕಿದರು, ಮರುದಿನ ನಡುರಾತ್ರಿ ಪೊಲೀಸರು ಕ್ಯಾಂಪಸ್ಸಿಗೆ ಬಂದು ಐವರು ವಿದ್ಯಾರ್ಥಿಗಳನ್ನು ಬಂಧಿಸಿದರು. ಆ ರಾತ್ರಿ ಎರಡೂ ಕಡೆಯವರಿಗೆ ಬುದ್ಧಿ ಹೇಳಬಲ್ಲ, ಎರಡೂ ಕಡೆಯವರು ಎದುರಾಡಲು ಹಿಂಜರಿಯುವ ಒಬ್ಬರು ಅಲ್ಲಿರಬೇಕಿತ್ತು. ನೇಮಕಗೊಂಡ ಅಧ್ಯಕ್ಷರು ಅಧಿಕಾರ ವಹಿಸಿಕೊಳ್ಳಲು ಕ್ಯಾಂಪಸ್ಸಿಗೆ ಕಾಲಿಟ್ಟದ್ದು 2016ರ ಜನವರಿ 7ರಂದು, ಅದೂ ಪೊಲೀಸರ ಕಾವಲಿನಲ್ಲಿ. ಕೆಲಸ ಮಾಡಲು ಬಿಡಿ, ಆಮೇಲೆ ನನ್ನನ್ನು ಅಳೆಯಿರಿ ಎಂಬುದು ಚೌಹಾಣ್ ಅವರ ವಾದವಾಗಿತ್ತು. ಬೇರೆ ಹುದ್ದೆಗಳಿಗೆ ಅದು ನ್ಯಾಯವಾದ ಮಾತು. ಇಲ್ಲಿ ಹಾಗಾಗದು. ಮಧ್ಯಸ್ಥರ ಬಂಡವಾಳ ಅವರ ಮೇಲೆ ಜನಕ್ಕಿರುವ ನಂಬಿಕೆ. ಕೆಲಸ ಶುರುವಾಗುವ ಮೊದಲೇ ಅದು ಕೈಯಲ್ಲಿರಬೇಕು.

ಇದೇ ಸಂಸ್ಥೆಯ ಚರಿತ್ರೆಯಲ್ಲಿ ಕನ್ನಡಿಗರ ಹೆಜ್ಜೆಗಳಿವೆ, ನನ್ನ ವಾದಕ್ಕೆ ಅವು ಒಳ್ಳೆಯ ಸಾಕ್ಷಿ. ಗಿರೀಶ ಕಾರ್ನಾಡರು 1974ರಲ್ಲಿ ಅಲ್ಲಿ ನಿರ್ದೇಶಕರಾದಾಗ ಅವರಿಗಿನ್ನೂ ನಲವತ್ತು ತುಂಬಿರಲಿಲ್ಲ. ತುರ್ತು ಪರಿಸ್ಥಿತಿ ಹೇರಿದ 1975ರಲ್ಲೇ ಅವರು ಆ ಹುದ್ದೆಯಿಂದ ಹೊರಬಂದರು. ಹೊರಬರುವಾಗ ‘ಯಯಾತಿ’, ‘ತುಘಲಕ್’, ‘ಹಯವದನ’ ಅವರ ಜತೆಗೇ ಬಂದವು. ಬಿಟ್ಟುಬಂದದ್ದು ಕೊಠಡಿಯನ್ನು ಮಾತ್ರ. ಮುಂದೆ 1999ರಿಂದ 2001ರವರೆಗೆ, ಕೇಂದ್ರದಲ್ಲಿ ವಾಜಪೇಯಿ ಸರ್ಕಾರವಿದ್ದಾಗ, ಅವರೇ ಸಂಸ್ಥೆಯ ಅಧ್ಯಕ್ಷರಾಗಿದ್ದರು. ಅವರ ರಾಜಕೀಯ ನಿಲುವು ಆ ಪಕ್ಷಕ್ಕೆ ವಿರುದ್ಧವೆಂಬುದು ಯಾರಿಗೂ ಗುಟ್ಟಾಗಿರಲಿಲ್ಲ. ಹುದ್ದೆಯನ್ನು ಬಿಟ್ಟೂ ಬಡವಾಗದವರು ಮಾತ್ರ ಹುದ್ದೆಯಲ್ಲಿದ್ದಾಗ ನೇರವಾಗಿ ಮಾತಾಡಬಲ್ಲರು. ಶ್ಯಾಮ್ ಬೆನಗಲ್, ಮೃಣಾಲ್ ಸೇನ್, ಅಡೂರ್ ಗೋಪಾಲಕೃಷ್ಣನ್ ಅದೇ ಕುರ್ಚಿಯಲ್ಲಿ ಕುಳಿತವರು. ಅವರಲ್ಲಿ ಯಾರೂ ‘ಮಾಜಿ ಅಧ್ಯಕ್ಷರು’ ಎಂಬ ಗುರುತಿನಿಂದ ಇಂದು ನೆನಪಾಗುವುದಿಲ್ಲ ಎಂಬುದೇ ಅವರ ಅರ್ಹತೆಗೆ ಪುರಾವೆ.

ಇಲ್ಲಿ ನನಗೆ ಎದುರಾಗುವ ಅತಿ ಗಟ್ಟಿಯಾದ ಆಕ್ಷೇಪ ಯು.ಆರ್. ಅನಂತಮೂರ್ತಿಯವರ ಹೆಸರು. ಎರಡು ಬಾರಿ ಅವರು ಇದೇ ಸಂಸ್ಥೆಯ ಅಧ್ಯಕ್ಷರಾಗಿದ್ದರು. ವೃತ್ತಿಯಿಂದ ಇಂಗ್ಲಿಷ್ ಅಧ್ಯಾಪಕರು, ಬರೆದದ್ದು ಕಾದಂಬರಿ, ಕಥೆ, ಸಿನಿಮಾ ನಿರ್ದೇಶಿಸಿದವರಲ್ಲ. ರಾಜಕೀಯದಿಂದ ದೂರವಿದ್ದವರಂತೂ ಅಲ್ಲವೇ ಅಲ್ಲ: 2004ರಲ್ಲಿ ಲೋಕಸಭೆಗೆ ಸ್ಪರ್ಧಿಸಿ ಸೋತರು, ಬಿಜೆಪಿಯನ್ನು ಎದುರಿಸುವುದೇ ತಮ್ಮ ಉದ್ದೇಶವೆಂದು ಬಹಿರಂಗವಾಗಿ ಹೇಳಿದ್ದರು, ಮರುವರ್ಷವೇ ಯುಪಿಎ ಆಡಳಿತದಲ್ಲಿ ಅಧ್ಯಕ್ಷರಾದರು. ಆಗ ಸುಮ್ಮನಿದ್ದವರು 2015ರಲ್ಲಿ ಮಾತ್ರ ಯಾಕೆ ಬೊಬ್ಬೆ ಹಾಕಿದರು ಎಂದು ಕೇಳುವವರಿಗೆ ಉತ್ತರ ಕೊಡಲೇಬೇಕು. ‘ಕ್ಷೇತ್ರದವರು’ ಎಂಬ ಅಳತೆಗೋಲು ಹಿಡಿದರೆ ಅನಂತಮೂರ್ತಿ ಬೀಳುತ್ತಾರೆ, ಚೌಹಾಣ್ ಉಳಿಯುತ್ತಾರೆ. ಆ ಅಳತೆಗೋಲು ಕೆಲಸಕ್ಕೆ ಬಾರದು ಎನ್ನಲು ಇಷ್ಟು ಸಾಕು. ನಾನು ಹೇಳುತ್ತಿರುವ ಅಳತೆಯಲ್ಲಿ ಫಲಿತಾಂಶವೇ ಬೇರೆ. ‘ಸಂಸ್ಕಾರ’ವನ್ನು ಆಧರಿಸಿದ 1970ರ ಚಿತ್ರ ಕನ್ನಡಕ್ಕೆ ಮೊದಲ ಸ್ವರ್ಣಕಮಲ ತಂದಿತ್ತು. ಅದೇ ಪುಣೆಯ ಶಾಲೆಯಲ್ಲಿ ಕಲಿತುಬಂದ ಗಿರೀಶ ಕಾಸರವಳ್ಳಿ ಮತ್ತೊಂದು ಸ್ವರ್ಣಕಮಲ ಗೆದ್ದ ‘ಘಟಶ್ರಾದ್ಧ’ವನ್ನು ಅನಂತಮೂರ್ತಿಯವರ ಕಥೆಯಿಂದಲೇ ಮಾಡಿದರು. ಅವರ ಹೆಸರು ಯಾವ ಪಕ್ಷದ ದಾನವೂ ಅಲ್ಲ, ಯಾವ ಮಂತ್ರಿಯೂ ಅದನ್ನು ಹಿಂದಕ್ಕೆ ಪಡೆಯುವಂತಿರಲಿಲ್ಲ. ಇದೇ ಮಾತು ವಿನೋದ್ ಖನ್ನಾ ಅವರಿಗೂ ಸಲ್ಲುತ್ತದೆ. ಬಿಜೆಪಿಯ ಸಂಸದರಾಗಿದ್ದುಕೊಂಡೇ ಅವರು ಈ ಹುದ್ದೆಯಲ್ಲಿದ್ದರು. ಅವರು ಬಿಜೆಪಿಗೆ ಬರುವ ಮೊದಲೇ ದೇಶವೆಲ್ಲ ಬಲ್ಲ ನಟರಾಗಿದ್ದರು. ಹೀಗಾಗಿ ಪಕ್ಷದ ಸದಸ್ಯತ್ವ ದೋಷವೆಂದು ನಾನು ವಾದಿಸುತ್ತಿಲ್ಲ. ಸದಸ್ಯತ್ವವನ್ನು ತೆಗೆದಿಟ್ಟು ನೋಡಿದಾಗ ಆ ಹುದ್ದೆಗೆ ಬೇಕಾದ ತೂಕ ಉಳಿಯುತ್ತದೆಯೇ ಎಂದಷ್ಟೇ ಕೇಳುತ್ತೇನೆ. ಆದರೂ ಒಂದು ಮಾತು ಒಪ್ಪಿಕೊಳ್ಳಬೇಕು: ಚುನಾವಣೆಯಲ್ಲಿ ಸೋತ ಮರುವರ್ಷವೇ ಮಿತ್ರ ಸರ್ಕಾರದಿಂದ ಹುದ್ದೆ ಪಡೆಯುವುದು ಒಳ್ಳೆಯ ಮೇಲ್ಪಂಕ್ತಿಯಲ್ಲ, ಪಡೆದವರು ಅನಂತಮೂರ್ತಿಯವರೇ ಆದರೂ.

ಚುನಾಯಿತ ಸರ್ಕಾರಕ್ಕೆ ತನಗೆ ಬೇಕಾದವರನ್ನು ನೇಮಿಸುವ ಹಕ್ಕಿಲ್ಲವೇ ಎನ್ನುವವರಿದ್ದಾರೆ. ಹಕ್ಕಿದೆ, ಕಾರಣ ಹೇಳುವ ಹೊಣೆಯೂ ಇದೆ. 2014ರ ಮಾರ್ಚ್‌ನಲ್ಲಿ ಸಯೀದ್ ಮಿರ್ಜಾ ಅವರ ಅವಧಿ ಮುಗಿದ ಮೇಲೆ ಹದಿನೈದು ತಿಂಗಳು ಆ ಹುದ್ದೆ ಖಾಲಿಯಿತ್ತು. ಅಷ್ಟು ಕಾಲ ಹುಡುಕಿದ ಮೇಲೆ ಈ ಆಯ್ಕೆ ಯಾಕೆಂದು ದೇಶಕ್ಕೆ ಒಂದು ಪುಟದ ವಿವರಣೆ ಬರಲಿಲ್ಲ. ಆಯ್ಕೆ ಸರಿಯಿದ್ದಾಗಲೂ ಸಮಸ್ಯೆ ತಪ್ಪುವುದಿಲ್ಲವೆಂಬುದು ಆಮೇಲೆ ಗೊತ್ತಾಯಿತು. 2017ರ ಅಕ್ಟೋಬರ್‌ನಲ್ಲಿ ಬಂದ ಅನುಪಮ್ ಖೇರ್ ಅವರ ಹೆಸರಿಗೆ ಯಾರ ಶಿಫಾರಸೂ ಬೇಕಿರಲಿಲ್ಲ. ಚೌಹಾಣ್ ನೇಮಕವನ್ನು ಅವರೇ ಬಹಿರಂಗವಾಗಿ ಟೀಕಿಸಿದ್ದವರು. ವಿದೇಶದ ಧಾರಾವಾಹಿಯ ಕೆಲಸದಿಂದ ಬಿಡುವಿಲ್ಲವೆಂದು ಒಂದೇ ವರ್ಷಕ್ಕೆ ರಾಜೀನಾಮೆ ಕೊಟ್ಟರು. ಹೆಸರಿನ ಜತೆ ಸಮಯವೂ ಬೇಕು.

ಇನ್ನು, ಕಲಾವಿದರಿಗೆ ಲೆಕ್ಕಪತ್ರ ಗೊತ್ತಿಲ್ಲ, ಸಂಸ್ಥೆ ನಡೆಸಲು ಉದ್ಯಮಿಗಳು, ಬ್ಯಾಂಕಿನವರು ಬೇಕು ಎಂಬ ವಾದ. ಸರ್ಕಾರದ ಹಣ ಕಡಿಮೆಯಾಗುತ್ತಿರುವ ಈ ಕಾಲದಲ್ಲಿ ನಮ್ಮಲ್ಲೂ ಇದು ಕೇಳಿಬರುತ್ತಿದೆ. ಅಮೆರಿಕದಲ್ಲಿ ಕಲಾಸಂಸ್ಥೆಗಳು ನಡೆಯುವುದೇ ಹೀಗೆ, ಆದ್ದರಿಂದ ಅಲ್ಲಿನ ಮಿನೆಸೋಟ ಆರ್ಕೆಸ್ಟ್ರಾದ ಕಥೆ ನಮಗೂ ಉಪಯುಕ್ತ. 2012ರಲ್ಲಿ ಅದರ ಮಂಡಳಿಯನ್ನು ಮುನ್ನಡೆಸುತ್ತಿದ್ದವರು ದೊಡ್ಡ ಬ್ಯಾಂಕುಗಳ ಉನ್ನತ ಅಧಿಕಾರಿಗಳು. ನಷ್ಟದ ಲೆಕ್ಕ ತೋರಿಸಿ ವಾದಕರ ಸಂಬಳದಲ್ಲಿ ಮೂರನೇ ಒಂದು ಭಾಗದಷ್ಟು ಕಡಿತ ಕೇಳಿದರು. ವಾದಕರು ಒಪ್ಪದಿದ್ದಾಗ ಅಕ್ಟೋಬರ್ 1ರಂದು ಬಾಗಿಲು ಹಾಕಿದರು. ಯಾವ ವರ್ಷ ನಷ್ಟ ತೋರಿಸಬೇಕು, ಯಾವ ವರ್ಷ ಮೂಲನಿಧಿಯಿಂದ ಹಣ ತೆಗೆದು ಸರಿದೂಗಿಸಬೇಕು ಎಂಬ ಚರ್ಚೆ ಮಂಡಳಿಯ ನಡಾವಳಿಯಲ್ಲೇ ಇತ್ತೆಂದು ಸ್ಥಳೀಯ ಪತ್ರಿಕೆ ಬಯಲು ಮಾಡಿತು. ವರ್ಷ ಕಳೆದರೂ ಬಾಗಿಲು ತೆರೆಯಲಿಲ್ಲ. ವಾದ್ಯವೃಂದವನ್ನು ಜಗತ್ತಿನ ಮುಂಚೂಣಿಗೆ ತಂದ ಸಂಗೀತ ನಿರ್ದೇಶಕ ಓಸ್ಮೊ ವಾನ್ಸ್ಕಾ ರಾಜೀನಾಮೆ ಕೊಟ್ಟರು. 2014ರ ಜನವರಿಯಲ್ಲಿ ಶೇ 15ರ ಕಡಿತಕ್ಕೆ ಒಪ್ಪಂದವಾಯಿತು. ಹದಿನೈದು ತಿಂಗಳು ಮೌನವಾಗಿದ್ದ ಸಭಾಂಗಣದ ಬೆಲೆ ತೆತ್ತವರು ವಾದಕರು ಮತ್ತು ಕೇಳುಗರು. ಆ ಬ್ಯಾಂಕಿನವರು ಅಸಮರ್ಥರಲ್ಲ, ಸಂಸ್ಥೆಗೆ ಕೈಯಿಂದ ದುಡ್ಡು ಕೊಟ್ಟವರೂ ಹೌದು. ಆದರೆ ವಾದ್ಯವೃಂದ ಬೇಸುರಾದರೆ ಅವರ ವೃತ್ತಿಜೀವನಕ್ಕೆ ಕೂದಲು ಕೊಂಕುವುದಿಲ್ಲ. ಲೆಕ್ಕ ಬಲ್ಲವರು ಮಂಡಳಿಯಲ್ಲಿ ಬೇಕು, ಇಬ್ಬರಿರಲಿ, ಮೂವರಿರಲಿ. ಕೊನೆಯ ಮಾತು ಮಾತ್ರ ಕಲೆಯ ಏಳುಬೀಳಿನೊಂದಿಗೆ ತಮ್ಮ ಹೆಸರೂ ಏಳುವ, ಬೀಳುವ ಜನರದ್ದಾಗಿರಬೇಕು.

ಪುಣೆಯನ್ನೂ ಮಿನೆಸೋಟವನ್ನೂ ಟೀಕಿಸಿ ನಮ್ಮ ಮನೆಯ ಕಡೆ ನೋಡದಿದ್ದರೆ ಈ ಲೇಖನ ಅಪ್ರಾಮಾಣಿಕವಾಗುತ್ತದೆ. ಕರ್ನಾಟಕದ ಸಾಹಿತ್ಯ, ನಾಟಕ, ಲಲಿತಕಲಾ, ಜಾನಪದ ಅಕಾಡೆಮಿಗಳ ಅಧ್ಯಕ್ಷರು ಬಹುಪಾಲು ಅದದೇ ಕ್ಷೇತ್ರದವರು. ವೃತ್ತಿಯ ಪಟ್ಟಿ ನೋಡಿದರೆ ತಕರಾರಿಗೆ ಜಾಗವಿಲ್ಲ. ಆದರೂ 2019ರಲ್ಲಿ ಸರ್ಕಾರ ಬದಲಾದ ಕೂಡಲೇ ಅವಧಿ ಮುಗಿಯದ ಅಧ್ಯಕ್ಷರು, ಸದಸ್ಯರನ್ನು ಕೈಬಿಡಲಾಯಿತು. ಮೈಸೂರು ರಂಗಾಯಣದ ನಿರ್ದೇಶಕಿಯನ್ನೂ ಅರ್ಧದಲ್ಲೇ ಕಳಿಸಲಾಯಿತು. ಮುಂದೆ ಪಕ್ಷ ಬದಲಾಯಿತೇ ಹೊರತು ಚಾಳಿ ಬದಲಾಗಲಿಲ್ಲ. 2024ರ ಮಾರ್ಚ್‌ನಲ್ಲಿ ಹೊಸ ಅಧ್ಯಕ್ಷರು ಬರುವವರೆಗೆ ಅಕಾಡೆಮಿಗಳು ಎಷ್ಟೋ ತಿಂಗಳು ಅನಾಥವಾಗಿದ್ದವು. ಬಂದ ಮೇಲೆ, ಜೂನ್‌ನಲ್ಲಿ, ಅವರ ಸಭೆ ನಡೆದದ್ದು ಕೆಪಿಸಿಸಿ ಕಚೇರಿಯಲ್ಲಿ. ಸ್ವಾಯತ್ತ ಸಂಸ್ಥೆಗಳ ಮುಖ್ಯಸ್ಥರನ್ನು ಪಕ್ಷದ ಕಚೇರಿಗೆ ಕರೆದದ್ದು ತಪ್ಪೆಂದು ಲೇಖಕರೇ ಪ್ರತಿಭಟಿಸಿದರು. ಕರೆದವರಿಗೆ ಅದರಲ್ಲಿ ತಪ್ಪು ಕಾಣಲಿಲ್ಲ. ಕರೆದವರಿಗಿಂತ ಹೋದವರ ಬಗ್ಗೆ ನನಗೆ ಹೆಚ್ಚು ನೋವು. ಅವರೆಲ್ಲ ಪುಸ್ತಕ ಬರೆದವರು, ಬಣ್ಣ ಹಚ್ಚಿದವರು, ಕುಂಚ ಹಿಡಿದವರು. ಕುರ್ಚಿಗಿಂತ ಮೊದಲೇ ಹೆಸರಿದ್ದವರು. ಸಭೆ ಸರ್ಕಾರದ್ದಾದರೆ ಕನ್ನಡ ಭವನದಲ್ಲಿ ಕರೆಯಿರಿ, ಬರುತ್ತೇವೆ ಎಂಬ ಒಂದು ಸಾಲಿನ ಪತ್ರ ಬರೆಯಲು ಅವರಿಗೆ ಯಾವ ಅಡ್ಡಿಯಿತ್ತು? ಅವಧಿ ಸರ್ಕಾರದ ಮರ್ಜಿಯಲ್ಲಿದೆ ಎಂಬ ಅರಿವು ಎಂಥ ದೊಡ್ಡ ಹೆಸರನ್ನೂ ಮುಲಾಜಿಗೆ ಬೀಳಿಸುತ್ತದೆ.

ಹಾಗಾಗಿ ಒಳ್ಳೆಯವರನ್ನು ನೇಮಿಸಿ ಎಂಬ ಬೇಡಿಕೆಯಷ್ಟೇ ಸಾಲದು. ಮೂರು ವರ್ಷದ ಅವಧಿಯನ್ನು ಯಾವ ಸರ್ಕಾರವೂ ನಡುವೆ ಮೊಟಕುಗೊಳಿಸಲಾಗದಂತೆ ಕಾನೂನಿನಲ್ಲಿ ಬರೆಯಬೇಕು. ಹೆಸರು ಸೂಚಿಸುವ ಕೆಲಸ ಮಂತ್ರಿಗಳ ಆಪ್ತರ ಕೈಯಿಂದ ಆ ಕ್ಷೇತ್ರದ ಹಿರಿಯರ ಸಮಿತಿಗೆ ಹೋಗಬೇಕು. ಪ್ರತಿ ಸದಸ್ಯರ ವೃತ್ತಿ, ಕೆಲಸ, ಪಕ್ಷದ ನಂಟು, ಆಯ್ಕೆಯ ಕಾರಣ ನೇಮಕದ ಆದೇಶದ ಜತೆಯಲ್ಲೇ ಪ್ರಕಟವಾಗಬೇಕು. ಸರ್ಕಾರಗಳು ಇದನ್ನು ತಾವಾಗಿ ಮಾಡುವುದಿಲ್ಲ. ಹುದ್ದೆ ಹಂಚುವ ಸುಖವನ್ನು ಯಾವ ಪಕ್ಷವೂ ಸುಲಭಕ್ಕೆ ಬಿಟ್ಟುಕೊಡದು. ಮಾಡಿಸುವ ಶಕ್ತಿ ಇರುವುದು ಹುದ್ದೆಗೆ ಆಹ್ವಾನ ಬರುವವರಲ್ಲಿ. ಜಾನು ಬರುವಾ, ಸಂತೋಷ್ ಶಿವನ್, ಪಲ್ಲವಿ ಜೋಶಿ 2015ರಲ್ಲಿ ಬೇಡವೆಂದು ತೋರಿಸಿದ್ದಾರೆ. ಮುಂದಿನ ಬಾರಿ ಬೆಂಗಳೂರಿನಿಂದ ಫೋನು ಬಂದಾಗ ಕನ್ನಡದ ಲೇಖಕರೂ ಕಲಾವಿದರೂ ಒಪ್ಪುವ ಮೊದಲು ಅವಧಿಯ ಭದ್ರತೆಯನ್ನು ಲಿಖಿತವಾಗಿ ಕೇಳಲಿ. ಅದು ಸಿಗದಿದ್ದರೆ ಬೇಡವೆನ್ನಲಿ.