ಡಾಕ್ಟರ್ ಧೈರ್ಯಕ್ಕೆ ಐದಕ್ಕೆ ನಾಲ್ಕು ಮಾರ್ಕ್ಸು!

"ಕೊನೆಗಾಲದ ಆರೈಕೆ ಬಗ್ಗೆ ರೋಗಿಯ ಜೊತೆ ಮಾತಾಡಲು ನಿಮಗೆ ಎಷ್ಟು ಆತ್ಮವಿಶ್ವಾಸ ಇದೆ? ಒಂದರಿಂದ ಐದರೊಳಗೆ ಗುರುತು ಹಾಕಿ."

ಡಾಕ್ಟರುಗಳಿಗೆ ಇಂಥ ಪ್ರಶ್ನಾವಳಿ ಕೊಡುವುದು ಈಗ ರೂಢಿ. ಕಾರ್ಯಾಗಾರಕ್ಕೆ ಮುಂಚೆ ಒಂದು ಫಾರಂ, ಮುಗಿದ ಮೇಲೆ ಇನ್ನೊಂದು. ಎರಡಿದ್ದದ್ದು ನಾಲ್ಕಾಯಿತು ಅಂದರೆ ಕಾರ್ಯಾಗಾರ ಗೆದ್ದಂತೆ. ಊಟ, ಗ್ರೂಪ್ ಫೋಟೊ... ನನ್ನ ತಕರಾರು ಇರೋದೇ ಇಲ್ಲಿ. ಅಲ್ರೀ, ಅಡುಗೆ ಹೇಗಾಗಿದೆ ಅಂತ ಯಾರಾದರೂ ಅಡುಗೆಯವನನ್ನೇ ಕೇಳ್ತಾರಾ?

ಆತ್ಮವಿಶ್ವಾಸಕ್ಕೇನೂ ಬರವಿಲ್ಲ. 2000ದಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಕ್ರಿಸ್ಟಾಕಿಸ್ ಮತ್ತು ಲಾಮಾಂಟ್ ಅವರ ಅಧ್ಯಯನವೊಂದು ಬಂತು. ಷಿಕಾಗೋದ 343 ಡಾಕ್ಟರುಗಳನ್ನು, ಸಾವಿನ ಅಂಚಿನಲ್ಲಿದ್ದ 468 ರೋಗಿಗಳ ಬಗ್ಗೆ "ಇವರು ಇನ್ನೆಷ್ಟು ದಿನ?" ಅಂತ ಕೇಳಿದ್ದರು. ಅಂದಾಜು ಹೆಚ್ಚೂಕಮ್ಮಿ ಸರಿಹೋದದ್ದು ನೂರಕ್ಕೆ 20. ಇದ್ದದ್ದಕ್ಕಿಂತ ಹೆಚ್ಚು ದಿನ ಹೇಳಿದ್ದು ನೂರಕ್ಕೆ 63! ರೋಗಿಯ ಪರಿಚಯ ಹಳೆಯದಾದಷ್ಟೂ ಲೆಕ್ಕ ಇನ್ನಷ್ಟು ತಪ್ಪುತ್ತಿತ್ತಂತೆ.

ನಮ್ಮ ತುಳಸಿಗೇರಿ ಕಡೆ ಈ ಮಾತುಕತೆ ಹೇಗಿರುತ್ತೆ ಗೊತ್ತಾ? "ನಮ್ಮ ಕೈಲಾದದ್ದು ಮಾಡೇವ್ರಿ, ಇನ್ನ ಹನುಮಪ್ಪನ ಮ್ಯಾಲ ಭಾರ ಹಾಕ್ರಿ." ಈ ಮಾತನ್ನು ಗುಡಿಯ ಪೂಜಾರಿ ಹೇಳಿದರೆ ಸರಿ, ಅದು ಅವನ ಕೆಲಸ. ಫೀಸು ತಗೊಂಡ ಡಾಕ್ಟರು ಯಾಕೆ ಹೇಳಬೇಕು? ನಮ್ಮ ದೊಡ್ಡಪ್ಪನನ್ನು ಹನ್ನೊಂದು ದಿನ ವೆಂಟಿಲೇಟರ್ ಮೇಲೆ ಇಟ್ಟಿದ್ದರು (ಯಾವ ಆಸ್ಪತ್ರೆ ಅನ್ನೋದು ಬೇಡ ಬಿಡಿ). ದಿನಾ ಮುಂಜಾನೆ "ನೋಡೋಣ್ರಿ". ಇಂಗ್ಲಿಷ್ ಫಾರಂ ಮೇಲೆ ದೊಡ್ಡಮ್ಮನ ಹೆಬ್ಬೆಟ್ಟು. ಹನ್ನೆರಡನೇ ದಿನ ದುಡ್ಡು ಮುಗಿದಿದ್ದು ಗೊತ್ತಾದ ಮೇಲೆ "ಊರಿಗೆ ಒಯ್ರಿ". ಆ ಡಾಕ್ಟರ ಕೈಗೆ ಪ್ರಶ್ನಾವಳಿ ಕೊಟ್ಟಿದ್ದರೆ ಐದಕ್ಕೆ ಐದು ಹಾಕಿಕೊಳ್ಳುತ್ತಿದ್ದರು, ನನಗೆ ಅನುಮಾನವೇ ಇಲ್ಲ.

"ಕಾನೂನಿನ ಭಯ" ಅಂತಾರೆ. ಒಂದು ಕಾಲಕ್ಕೆ ಒಪ್ಪಬಹುದಿತ್ತು. ನಮ್ಮ ಹಳದೀಪುರದ ಅರುಣಾ ಶಾನಭಾಗ್ 1973ರಿಂದ 2015ರವರೆಗೆ ಮುಂಬಯಿಯ ಆಸ್ಪತ್ರೆಯ ಹಾಸಿಗೆಯಲ್ಲೇ ಇದ್ದರು. ಅವರ ಪ್ರಕರಣದಲ್ಲೇ, 2011ರಲ್ಲಿ, ಸುಪ್ರೀಂ ಕೋರ್ಟು ಮೊದಲ ಬಾಗಿಲು ತೆರೆದದ್ದು. 2018ರಲ್ಲಿ ಘನತೆಯ ಸಾವೂ ಹಕ್ಕು ಅಂದಿತು. ಮುಂಚಿತವಾಗಿ ಬರೆದಿಡುವ ವೈದ್ಯಕೀಯ ಉಯಿಲಿಗೆ ಮ್ಯಾಜಿಸ್ಟ್ರೇಟರ ಸಹಿ ಬೇಕಿತ್ತು. 2023ರಲ್ಲಿ ಅದನ್ನೂ ಸಡಿಲಿಸಿ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿ ಸಾಕು ಅಂತ ಮಾಡಿತು. 2025ರ ಜನವರಿ 30ಕ್ಕೆ ನಮ್ಮ ರಾಜ್ಯ ಸರ್ಕಾರವೇ ಸುತ್ತೋಲೆ ಹೊರಡಿಸಿತು: ಚಿಕಿತ್ಸೆ ನಿಲ್ಲಿಸುವ ಮುನ್ನ ಎರಡು ವೈದ್ಯಕೀಯ ಮಂಡಳಿ ಒಪ್ಪಬೇಕು, ಮನೆಯವರು ಒಪ್ಪಬೇಕು, ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು. ಇದು ವಿಷದ ಇಂಜೆಕ್ಷನ್ ಅಲ್ಲ ಅನ್ನೋದೂ ಸ್ಪಷ್ಟ. ದಾವಣಗೆರೆಯ ನಿವೃತ್ತ ಶಿಕ್ಷಕಿ ಕರಿಬಸಮ್ಮನವರು ಇದಕ್ಕಾಗಿ ವರ್ಷಗಟ್ಟಲೆ ಪತ್ರ ಬರೆದರು, ಕೋರ್ಟು ಅಲೆದರು. ಇಷ್ಟಾದ ಮೇಲೂ ಈ ಉಯಿಲಿನ ಸುದ್ದಿಯನ್ನು ತುಳಸಿಗೇರಿಯ ರೈತನಿಗೆ ಹೇಳುವವರು ಯಾರು? ನೋಟರಿ ಬಂದು ಹೇಳ್ತಾನಾ?

ಡಾಕ್ಟರುಗಳ ಕಷ್ಟ ಇಲ್ಲವೇ ಇಲ್ಲ ಅಂತಲ್ಲ. ಹೊರಗೆ ನೂರು ಜನರ ಪಾಳಿ, "ಅಪ್ಪಗ ಹೇಳಬ್ಯಾಡ್ರಿ" ಅಂತ ಕೈಮುಗಿಯುವ ಮಗ, ಹೆಚ್ಚುಕಡಿಮೆಯಾದರೆ ಗಾಜು ಒಡೆಯುವ ಬೀಗರು. 2019ರಿಂದ ಎಂಬಿಬಿಎಸ್ ಪಠ್ಯದಲ್ಲಿ ರೋಗಿಯ ಜೊತೆ ಹೇಗೆ ಮಾತಾಡಬೇಕು ಅನ್ನೋದನ್ನೂ ಸೇರಿಸಿದ್ದಾರೆ, ಒಳ್ಳೆಯದು. ಆದರೆ ಆ ಮಾತು ಇಂಗ್ಲಿಷಿನಲ್ಲಿ ಕಲಿತು, ಅದನ್ನೂ ಇಂಗ್ಲಿಷಿನ ಫಾರಂನಲ್ಲೇ ಅಳೆದರೆ ಬಾಗಲಕೋಟೆಯ ವಾರ್ಡಿನಲ್ಲಿ ಏನು ಉಪಯೋಗ?

ಅಳೆಯಲೇಬೇಕು ಅಂದರೆ ಹೀಗೆ ಅಳೆಯಲಿ. ಮಾತುಕತೆಯಾಗಿ ವಾರದ ಮೇಲೆ ಮನೆಯವರನ್ನು ಕೇಳಲಿ: ಡಾಕ್ಟರು ಏನಂದರು? ನಿಮ್ಮ ಭಾಷೆಯಲ್ಲಿ ಅಂದರಾ? ರೋಗಿಗೆ ಎಚ್ಚರ ಇದ್ದಾಗ ಅವರನ್ನೇ ಕೇಳಿದರಾ, ಇಲ್ಲಾ ಕಾರಿಡಾರಿನಲ್ಲಿ ನಿಮ್ಮ ಅಳಿಯನ ಕಿವಿಯಲ್ಲಿ ಹೇಳಿ ಹೋದರಾ? ಅದಾದ ಮೇಲೆ ಎಷ್ಟು ದಿನ ಐಸಿಯು, ಎಷ್ಟು ಎಕರೆ ಹೋಯಿತು? ಆ ಫಾರಂಗೆ ನಮ್ಮ ದೊಡ್ಡಮ್ಮನೂ ಉತ್ತರ ಬರೆಸ್ತಾಳೆ, ಹೆಬ್ಬೆಟ್ಟೂ ಒತ್ತುತ್ತಾಳೆ.